ಅವ್ವನ ಮುಖ, ಗಿರಣಿಯ ಬೇಳೆ

ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿ ಕುದಿಯಲು ಇಟ್ಟಾಗ ಮೊದಲ ನೊರೆ ಉಕ್ಕಿ ಬರುತ್ತದಲ್ಲ, ಅದಕ್ಕೊಂದು ವಾಸನೆ ಇರುತ್ತದೆ. ಕುಕ್ಕರ್ ಬಂದ ಮೇಲೆ ಅದು ಸೀಟಿಯ ಜೊತೆ ಹಾರಿಹೋಗಿ ಯಾರ ಮೂಗಿಗೂ ಸಿಗದಂತಾಗಿದೆ. ಹೋದ ತಿಂಗಳು ತಾಂಡೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ಹಿತ್ತಲಿನಲ್ಲಿ ಅಡುಗೆಯವರು ಕಟ್ಟಿಗೆ ಒಲೆ ಹೂಡಿ ದೊಡ್ಡ ಪಾತ್ರೆಯಲ್ಲಿ ಬೇಳೆ ಇಟ್ಟಿದ್ದರು. ಆ ವಾಸನೆಗೆ ಉಳಿದವರಿಗೆಲ್ಲ ಹಸಿವಾಗಿರಬೇಕು. ನನಗೆ ಸಿಟ್ಟು ಬಂತು. ಮೂವತ್ತು ವರ್ಷ ದಾಟಿದ ಸಿಟ್ಟು. ಇಷ್ಟು ದಿನ ಇಟ್ಟರೂ ಅದಕ್ಕೆ ಹುಳ ಹಿಡಿದಿಲ್ಲ.

ಒಳಗೆ ಪಡಸಾಲೆಯ ಗೋಡೆ ತುಂಬ ಟಿವಿ. ಅದರಲ್ಲೊಬ್ಬಳು ಎಣ್ಣೆಯ ಪೊಟ್ಟಣ ಎದೆಗಪ್ಪಿಕೊಂಡು, ಗಂಡನ ಹೃದಯ ಉಳಿಸಿದ್ದು ಇದೇ ಎಂದು ನಗುತ್ತಿದ್ದಳು. ಮನೆಯೊಡತಿ ನನ್ನ ಪಕ್ಕಕ್ಕೆ ಬಂದು ಕೂತರು.

"ಜಹೀರಾಬಾದಿನ ನಿಮ್ಮ ಮನ್ಯಾಗ ಇನ್ನಾ ಕೇಬಲ್ ತಗೊಂಡಿಲ್ಲಂತಲ್ರಿ, ಖರೇ ಏನ್ರಿ?"

"ಖರೇನ್ರಿ."

"ಯಾಕ್ರಿ? ಮಕ್ಕಳು ಕೆಡ್ತಾರಂತೇನು?"

"ಮಕ್ಕಳು ಕೆಡಾದು ಕೆಟ್ಟು ಆಗ್ಯದ್ರಿ. ನಂಗ ಅಡ್ವಟೈಜು ನೋಡಾಕ ಆಗಂಗಿಲ್ಲ."

ಅವರು ನಕ್ಕರು. ಎಲ್ಲರೂ ನಗುತ್ತಾರೆ. ದೇವರ ಹೆಸರು ಹೇಳಿ, ಮಕ್ಕಳ ಓದಿನ ಹೆಸರು ಹೇಳಿ ಟಿವಿ ಬಿಟ್ಟವರನ್ನು ಜನ ಒಪ್ಪುತ್ತಾರೆ. ಜಾಹೀರಾತಿಗಾಗಿ ಬಿಟ್ಟೆ ಅಂದರೆ ಜಿಪುಣಿ ಅಂದುಕೊಳ್ಳುತ್ತಾರೆ, ಇಲ್ಲವೇ ತಲೆ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಇದು ನಾನು ಮಾಡಿದ ನೇಮವಲ್ಲ, ಅವ್ವನದು. ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ ಅವಳು ಕೇಬಲ್ ಬಿಟ್ಟಳು. ನಾನು ಅದನ್ನು ಮುಂದುವರಿಸಿಕೊಂಡು ಬಂದಿದ್ದೇನೆ, ಅಷ್ಟೆ.

ಆಗ ನಾವಿದ್ದದ್ದು ತಾಂಡೂರಿನಲ್ಲಿ. ಅಪ್ಪ ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದ, ಮನೆಗೆ ಬಂದಾಗ ಹುಬ್ಬೆಲ್ಲ ಬೂದಿಯಾಗಿರುತ್ತಿತ್ತು. ಅವ್ವ ಪೆದ್ದೆಮುಲ್‌ನವಳು, ತೊಗರಿ ಹೊಲದ ಬದುವಿನ ಮೇಲೆ ಬೆಳೆದವಳು. ತವರಿನಿಂದ ಬಂದ ಒಂದು ಚೀಲ ತೊಗರಿಗೆ ಕೆಮ್ಮಣ್ಣು ಹಚ್ಚಿ ಒಣಗಿಸಿ, ಬೀಸುಕಲ್ಲಿನಲ್ಲಿ ತಾನೇ ಒಡೆದು ಮನೆಗೆ ಬೇಳೆ ಮಾಡುತ್ತಿದ್ದಳು. ಓಣಿಯ ಉಳಿದವರಿಗೆ ಆ ಭಾಗ್ಯವಿರಲಿಲ್ಲ. ಅವರು ಕೊಳ್ಳಬೇಕಾಗಿತ್ತು.

ಶಿವರಾತ್ರಿ ಮುಗಿದು ಬಿಸಿಲು ಗಟ್ಟಿಯಾಗುವಾಗ ಹೆಂಗಸರು ವರ್ಷದ ಬೇಳೆ ಹಾಕಿಕೊಳ್ಳುವ ಕಾಲ. ಕೊಳ್ಳುವ ಮೊದಲು ಅಂಗಡಿಯಿಂದ ಒಂದು ಹಿಡಿ ತಂದು, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಅವ್ವನ ಹತ್ತಿರ ಬರುತ್ತಿದ್ದರು. ಅವ್ವ ಸಣ್ಣದೊಂದು ಹಿತ್ತಾಳೆ ತಂಬಿಗೆಯಲ್ಲಿ, ಉಪ್ಪಿಲ್ಲದೆ, ಅರಿಸಿನವಿಲ್ಲದೆ ಅದನ್ನು ಕುದಿಸುತ್ತಿದ್ದಳು. ಒಂದೆರಡು ಕಾಳು ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ "ತಗೋ" ಅನ್ನುತ್ತಿದ್ದಳು, ಇಲ್ಲವೇ "ಬ್ಯಾಡ" ಅನ್ನುತ್ತಿದ್ದಳು. ಮೂರನೆಯ ಮಾತಿರಲಿಲ್ಲ. ಯಾವ ಅಂಗಡಿಯದು ಅಂತ ಹೇಳಲು ಯಾರಾದರೂ ಬಾಯಿ ತೆರೆದರೆ ತಡೆಯುತ್ತಿದ್ದಳು.

"ಹೆಸರು ಹೇಳಬ್ಯಾಡವ್ವ. ಹೆಸರು ಕೇಳಿದ್ರ ಬೆರಳು ಸುಳ್ಳು ಹೇಳ್ತದ."

ಬೇಳೆಯ ವ್ಯಾಪಾರಿಗಳು ಅವ್ವನನ್ನು ಕಂಡರೆ ನಮಸ್ಕಾರ ಹಾಕುತ್ತಿದ್ದರು. ಅವಳು ಮಾತ್ರ ಯಾವ ಅಂಗಡಿಯವನ ಹೆಸರನ್ನೂ ಒಳ್ಳೆಯದಕ್ಕಾಗಲಿ ಕೆಟ್ಟದ್ದಕ್ಕಾಗಲಿ ಬಾಯಲ್ಲಿ ತಂದವಳಲ್ಲ. ಓದು ನಾಲ್ಕನೆಯ ಇಯತ್ತೆ, ಮೈಮೇಲೆ ಎರಡು ಬಳೆ. ಇಡೀ ಓಣಿಯಲ್ಲಿ ಅವಳಿಗೆ ಅಂತ ಇದ್ದದ್ದು ಆ ಒಂದು ಮಾತಿನ ಬೆಲೆ.

ಈಗ ಮಲ್ಲು ಮಾವನ ವಿಷಯ. ಅವ್ವನ ತಮ್ಮ. ಅವ್ವನಿಗೆ ಮದುವೆಯಾಗುವ ಹೊತ್ತಿಗೆ ಅವರ ತಾಯಿ ತೀರಿಕೊಂಡಿದ್ದಳು, ಹಾಗಾಗಿ ಅವ್ವ ಗಂಡನ ಮನೆಗೆ ಬರುವಾಗ ಪುಟ್ಟ ಮಲ್ಲುವನ್ನೂ ಕರೆದುಕೊಂಡೇ ಬಂದಳು. ಅವನಿಗೆ ಉಣಿಸಿ, ಸ್ನಾನ ಮಾಡಿಸಿ, ಶಾಲೆಗೆ ಕಳಿಸಿದ್ದು ಅವಳೇ. ನಾನು ಹುಟ್ಟಿದ ಮೇಲೂ ಮೊದಲ ತುತ್ತು ಅವನಿಗೇ ಹೋಗುತ್ತಿತ್ತೆಂದು ಅಪ್ಪ ತಮಾಷೆ ಮಾಡುತ್ತಿದ್ದ. ಮಾವ ಮೊದಲು ರೇಡಿಯೋ ರಿಪೇರಿ ಮಾಡಿದ, ಆಮೇಲೆ ವೀಡಿಯೋ ಬಾಡಿಗೆಗೆ ಕೊಟ್ಟ, ಆಮೇಲೆ ಹೈದರಾಬಾದಿನಲ್ಲಿ ನೋಡಿಕೊಂಡು ಬಂದು ತನ್ನ ಅಂಗಡಿಯಿಂದ ಮನೆ ಮನೆಗೆ ತಂತಿ ಎಳೆಯಲು ಶುರು ಮಾಡಿದ. ಅಂಗಡಿಯಲ್ಲಿ ಒಂದು ಕ್ಯಾಸೆಟ್ ಹಾಕಿದರೆ ಓಣಿಯ ಎಲ್ಲ ಟಿವಿಯಲ್ಲೂ ಅದೇ ಸಿನಿಮಾ. ಅದನ್ನೇ ನಾವು ಕೇಬಲ್ ಅನ್ನುತ್ತಿದ್ದೆವು.

ಅವ್ವ ಇದಕ್ಕೆ ಸೋತದ್ದು ಕನ್ನಡದ ಆಸೆಗೆ. ಅವಳು ಹುಡುಗಿಯಾಗಿದ್ದಾಗ ನಮ್ಮ ಕಡೆಯ ಊರುಗಳು ಆಂಧ್ರಕ್ಕೆ ಸೇರಿದವು. ಅವಳು ಓದಿದ್ದು ಕನ್ನಡ, ನಾನು ಓದುತ್ತಿದ್ದದ್ದು ತೆಲುಗು. ಸರಕಾರಿ ಟಿವಿಯಲ್ಲಿ ತೆಲುಗು, ಹಿಂದಿ. ಕನ್ನಡ ಏನಿದ್ದರೂ ಅಡುಗೆಮನೆ ಮತ್ತು ಬೈಗುಳಕ್ಕೆ ಉಳಿದಿತ್ತು. ಮಾವ, "ಅಕ್ಕಾ, ಐತವಾರಕ್ಕೊಮ್ಮೆ ಕಲಬುರ್ಗಿಲಿಂದ ಕನ್ನಡ ಕ್ಯಾಸೆಟ್ ತಂದು ಹಾಕ್ತೀನಿ" ಅಂದದ್ದೇ ತಡ, ಅವ್ವ ನಮ್ಮ ಮಾಳಿಗೆಯ ಮೇಲೆ ಕಂಬ ನೆಡಲು ಬಿಟ್ಟಳು. ಅಷ್ಟೇ ಅಲ್ಲ, ತಾನೇ ಮನೆ ಮನೆಗೆ ಹೋಗಿ, "ನನ್ನ ತಮ್ಮಂದದ, ಭರೋಸಾ ಇಡ್ರಿ" ಅಂತ ಹೇಳಿಬಂದಳು. ಅಂದರೆ ತಂತಿಯೂ ಓಣಿಗೆ ಬಂದದ್ದು ಅವ್ವನ ಮಾತಿನ ಮೇಲೆಯೇ.

ಐತವಾರ ಮಧ್ಯಾಹ್ನ ಕನ್ನಡ ಸಿನಿಮಾ ಬಂತು, ಸುಳ್ಳು ಹೇಳಬಾರದು. ಅವ್ವ ಜೋಳದ ಹಿಟ್ಟು ನಾದುವುದು ಬಿಟ್ಟು, ಅಂಗೈಯಲ್ಲಿ ಹಿಟ್ಟು ಒಣಗುವವರೆಗೂ ನೋಡುತ್ತಿದ್ದಳು. ಪಾತ್ರಗಳಿಗೆಲ್ಲ ಉತ್ತರ ಕೊಡುತ್ತಿದ್ದಳು. ಸ್ವಲ್ಪ ದಿನಕ್ಕೆ ತೆರೆಯ ಕೆಳಗಿನ ಅಂಚಿನಲ್ಲಿ ಅಂಗಡಿಗಳ ಹೆಸರು ಓಡತೊಡಗಿದವು. ಸೀರೆ ಅಂಗಡಿ, ಸೈಕಲ್ ಅಂಗಡಿ, ಮೂಲವ್ಯಾಧಿಯ ಡಾಕ್ಟರು. ಸಿನಿಮಾದಲ್ಲಿ ಯಾರೋ ಸತ್ತು ಮಲಗಿದ್ದರೆ ಎದೆಯ ಮೇಲೆ ಸೈಕಲ್ ಅಂಗಡಿ ಹರಿದುಹೋಗುತ್ತಿತ್ತು.

"ಏ ಮಲ್ಲು, ಹೆಣದ ಮ್ಯಾಲರ ಬಿಡೋ ನಿನ್ನ ಅಂಗಡಿ!" ಎಂದು ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಲ್ಲಿಯವರೆಗೆ ಅದು ನಗುವ ವಿಷಯವೇ ಆಗಿತ್ತು.

ನನ್ನ ಪರೀಕ್ಷೆ ಹತ್ತಿರ ಬಂದಿತ್ತು. ಹೋಳಿ ಹುಣ್ಣಿಮೆಗೆ ಇನ್ನೊಂದು ವಾರವಿರುವಾಗ ಮಾವ ಹೆಗಲ ಮೇಲೆ ಕ್ಯಾಮೆರಾ ಹೊತ್ತುಕೊಂಡು ಬಂದ. ಮದುವೆ ತೆಗೆಯಲು ಹೊಸದಾಗಿ ತಂದದ್ದು.

"ಅಕ್ಕಾ, ನೀ ಹೋಳಿಗಿ ಮಾಡಾದು ತೆಗಿತೀನಿ. ಹಬ್ಬದ ದಿನ ಎಲ್ಲಾರ ಮನ್ಯಾಗ ತೋರಸ್ತೀನಿ. ಕನ್ನಡದಾಗ ಮಾತಾಡು. ನಮ್ಮ ಮಾತು ಟಿವಿದಾಗ ಬರಲಿ ಒಮ್ಮೆರ."

ಅವ್ವ ಮೊದಲು ನಾಚಿ ಒಳಗೆ ಹೋದಳು, ಆಮೇಲೆ ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು. ಬೇಳೆ ಬೇಯಿಸಿದಳು, ಬೆಲ್ಲ ಹಾಕಿದಳು, ಹೂರಣ ರುಬ್ಬಿದಳು. ಮಾವ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಬೆಂದ ಬೇಳೆಯನ್ನು ಸೌಟಿನಲ್ಲಿ ಎತ್ತಿ, ಬೆರಳಲ್ಲಿ ಹಿಸುಕಿ ತೋರಿಸಿ, "ನೋಡು, ಬೆಣ್ಣಿ ಆದಂಗ ಆಗ್ಯದ. ಹಿಂಥಾ ಬ್ಯಾಳಿ ಈ ವರ್ಷ ನಾ ಎಲ್ಲೂ ನೋಡಿಲ್ಲ. ಕಣ್ಣು ಮುಚ್ಚಿ ತಿನ್ರಿ" ಅಂದಳು. ಅದು ಪೆದ್ದೆಮುಲ್‌ನ ತವರಿನ ತೊಗರಿ, ಅವಳ ಕೈಯಾರೆ ಒಡೆದ ಬೇಳೆ. ತನ್ನ ಹೊಲದ ಮಾಲನ್ನು ಹೊಗಳುವುದಕ್ಕೆ ಅವಳಿಗೇನೂ ಸಂಕೋಚವಿರಲಿಲ್ಲ. ಅದು ಅಂಗಡಿಯದಲ್ಲವಲ್ಲ. ಮಾವ ಕೊನೆಗೆ ಒಂದು ಹೋಳಿಗೆ ತಿಂದು, ಇನ್ನೆರಡು ಕಟ್ಟಿಸಿಕೊಂಡು ಹೋದ.

ಹುಣ್ಣಿಮೆಯ ಸಂಜೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದರು. ಅವರವರ ಮನೆಯಲ್ಲಿ ಟಿವಿ ಇದ್ದರೂ ಅವ್ವನ ಪಕ್ಕದಲ್ಲಿ ಕೂತೇ ಅವ್ವನನ್ನು ನೋಡಬೇಕಾಗಿತ್ತು ಅವರಿಗೆ. ಎದುರು ಮನೆಯ ನೂರ್‌ಬಿ ಬಾಗಿಲ ಬಳಿ, ಮೂಲೆಮನೆಯ ಗುರುಬಸಮ್ಮ ಅವ್ವನಿಗೆ ಅಂಟಿಕೊಂಡು. ಗುರುಬಸಮ್ಮನ ಮಗಳ ಮದುವೆ ಯುಗಾದಿಯಾದ ಮೇಲೆ ಇತ್ತು, ಅವಳ ಬಾಯಲ್ಲಿ ಬೇರೆ ಮಾತಿರಲಿಲ್ಲ. ಸಿನಿಮಾದ ನಡುವೆ ತೆರೆ ಒಮ್ಮೆ ಕಪ್ಪಾಯಿತು. ಆಮೇಲೆ ಅವ್ವ ಕಾಣಿಸಿದಳು.

ಎಲ್ಲರೂ ಹೋ ಎಂದು ಕೂಗಿದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೆಲ್ಲ ಇಲ್ಲ, ಹೂರಣ ಇಲ್ಲ, ಹೋಳಿಗೆಯೂ ಇಲ್ಲ. ಬರೀ ಸೌಟು, ಬೆರಳು, ಆ ಮಾತು. "ಬೆಣ್ಣಿ ಆದಂಗ ಆಗ್ಯದ. ಹಿಂಥಾ ಬ್ಯಾಳಿ ಈ ವರ್ಷ ನಾ ಎಲ್ಲೂ ನೋಡಿಲ್ಲ." ಅದರ ಹಿಂದೆಯೇ ಹಳದಿ ಚೀಲವೊಂದು ಗರಗರ ತಿರುಗಿ ನಿಂತಿತು. ಕೆಳಗೆ ದಪ್ಪ ತೆಲುಗು ಅಕ್ಷರ.

"ಏನಂತ ಬರದಾನ ನೋಡು," ಅವ್ವ ನನ್ನ ಕಡೆ ತಿರುಗಿದಳು. ಅವಳಿಗೆ ತೆಲುಗು ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ತಮ್ಮ ತನ್ನ ಹೆಸರು ಬರೆದಿರಬೇಕು ಅಂದುಕೊಂಡಿದ್ದಳು.

ನಾನು ಓದಿ ಹೇಳಿದೆ. ಸ್ಟೇಷನ್ ರಸ್ತೆಯಲ್ಲಿ ಹೊಸದಾಗಿ ಆದ ಬೇಳೆ ಗಿರಣಿಯ ಹೆಸರು, ಅದರ ಕೆಳಗೆ 'ಓಣಿಯ ತಾಯಂದಿರು ಒಪ್ಪಿದ ಬೇಳೆ'.

"ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ. ಅಷ್ಟರಲ್ಲಿ ಸಿನಿಮಾ ಮತ್ತೆ ಶುರುವಾಗಿತ್ತು. ಹೆಂಗಸರು ಅವ್ವನ ಬೆನ್ನು ತಟ್ಟಿದರು. ಗುರುಬಸಮ್ಮ, "ಅಂತೂ ಬಾಯಿ ಬಿಟ್ಟು ಒಂದು ಹೆಸರು ಹೇಳಿದ್ರಿ ನೋಡ್ರಿ! ನಂದು ಕೆಲಸ ಹಗುರಾತು" ಅಂದಳು. ಅವ್ವನ ಮುಖದ ಬಣ್ಣ ಇಳಿದುಹೋಗಿತ್ತು. ಹಬ್ಬದ ದಿನ ಮನೆಗೆ ಬಂದವರ ಎದುರು ಒಡಹುಟ್ಟಿದವನನ್ನು ಬೈಯುವುದು ಹೇಗೆಂದು ಅವಳು ಸುಮ್ಮನಾದಳು. ಆ ಸುಮ್ಮನಾದದ್ದನ್ನೇ ಎಲ್ಲರೂ ಹೌದು ಅಂತ ತಿಳಿದರು.

ಮರುದಿನ ಬೆಳಿಗ್ಗೆ ಮಾವನೇ ಬಂದ, ಹೇಗಿತ್ತು ಅಂತ ಕೇಳಲು! ಅವ್ವ ಅವನನ್ನು ಕೂರಿಸಿದಳು, ಚಹಾ ಕೊಟ್ಟಳು, ಆಮೇಲೆ ಕೇಳಿದಳು.

"ಅದು ಯಾರ ಬ್ಯಾಳಿ ಮಲ್ಲು?"

"ಯಾರದರ ಆಗ್ಲಿ ಅಕ್ಕಾ, ಬ್ಯಾಳಿ ಬ್ಯಾಳಿನೇ ಅಲಾ?"

"ನಾ ಅಂದದ್ದು ನಮ್ಮ ಹೊಲದ್ದು. ಆ ಗಿರಣಿ ಬ್ಯಾಳಿ ನಾ ಕಣ್ಣಿಲೆ ಸೈತ ನೋಡಿಲ್ಲ."

"ನೀ ಅಂದಿದ್ದು ಖರೇನೋ ಅಲ್ಲೋ? ನಿನ್ನ ಬಾಯಾಗ ನಾ ಒಂದರ ಸುಳ್ಳು ಮಾತು ಹಾಕೀನೇನು? ಗಿರಣಿಯವರು ಹೊಸ ಮಷೀನು ಕೊಡಸ್ತೀವಿ ಅಂದಾರ. ಹಳೆ ತಾಂಡೂರು ತನಕ ತಂತಿ ಒಯ್ತೀನಿ. ತಮ್ಮ ಉದ್ಧಾರ ಆದ್ರ ನಿಂಗ ಬ್ಯಾಡೇನು?"

ಅವ್ವ ಅಳಲಿಲ್ಲ. "ತೆಗಿ ಅದನ್ನ" ಅಂದಳು. ಅವನು ತಲೆ ಕೆರೆದುಕೊಂಡ. ಕೊನೆಗೆ ಅವಳ ಕಾಲು ಮುಟ್ಟಿ, "ನಿನ್ನ ಆಣಿ, ಇವತ್ತಿಂದ ಹಾಕಂಗಿಲ್ಲ" ಅಂದು ಹೋದ. ಅವ್ವನಿಗೆ ಸಮಾಧಾನವಾಯಿತು. ನನ್ನ ಕಡೆ ನೋಡಿ, "ಸಣ್ಣವನದಾನ, ತಿಳಿಯಂಗಿಲ್ಲ" ಅಂದಳು. ಆ ಸಣ್ಣವನಿಗೆ ಆಗಲೇ ಹಣೆಯ ಮೇಲೆ ಕೂದಲು ತೆಳ್ಳಗಾಗಿತ್ತು.

ಆ ಸಂಜೆ ಟಿವಿಯಲ್ಲಿ ಅವ್ವ ಮತ್ತೆ ಬಂದಳು. ಅದೇ ಸೌಟು, ಅದೇ ನಗು, ಅದೇ ಚೀಲ.

ಅವ್ವ ಎದ್ದು ಹೋಗಿ ಈಳಿಗೆಮಣೆ ತಂದು ಕಿಟಕಿಯ ಬಳಿ ಇಟ್ಟಳು. ಕಿಟಕಿಯಿಂದ ಒಳಗೆ ಬಂದಿದ್ದ ತಂತಿಯನ್ನು ಎಳೆದು, ಈಳಿಗೆಯ ಅಲಗಿಗೆ ಕೊಟ್ಟು, ಗೋರಿಕಾಯಿ ಹೆಚ್ಚುವಂತೆ ಹೆಚ್ಚಿಬಿಟ್ಟಳು. ಮುಂದಿನ ಮನೆಗಳಿಗೆ ನಮ್ಮ ಮನೆಯಿಂದಲೇ ತಂತಿ ಹಾದುಹೋಗಿತ್ತು. ಒಂದು ಚಣದಲ್ಲಿ ಓಣಿಯ ತುಂಬ "ಏ, ಬಂದ್ ಆತು, ಬಂದ್ ಆತು" ಎಂಬ ಗದ್ದಲ. ಬೇಳೆಯ ಸುಳ್ಳಿಗೆ ಒಬ್ಬರೂ ಹೊರಗೆ ಬಂದಿರಲಿಲ್ಲ, ಅರ್ಧಕ್ಕೆ ನಿಂತ ಸಿನಿಮಾಕ್ಕೆ ಎಲ್ಲರೂ ಬಂದರು. ಮಾವ ಏಣಿ ತಂದ. ನಮ್ಮ ಬಾಗಿಲಿಗೆ ಬರಲಿಲ್ಲ. ಎದುರು ಮನೆಯ ನೂರ್‌ಬಿಯ ಮಾಳಿಗೆಯ ಮೇಲಿಂದ ಹೊಸ ತಂತಿ ಎಳೆದುಕೊಂಡು, ನಮ್ಮ ಮನೆಯೊಂದನ್ನು ಬಿಟ್ಟು ಎಲ್ಲರಿಗೂ ಸಿನಿಮಾ ತೋರಿಸಿದ. ಆಣೆ ಮಾಡಿದ ಕೈಯಿಂದಲೇ ತಂತಿಯ ಗಂಟು ಬಿಗಿಯುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ. ಆವತ್ತಿನ ಮೇಲೆ ನಾನು ಅವನನ್ನು ಮಾವ ಎಂದು ಕರೆದಿಲ್ಲ.

ಅಪ್ಪ ಪಾಳಿ ಮುಗಿಸಿ ಬಂದು ಕತ್ತರಿಸಿದ ತಂತಿ ನೋಡಿದ. "ಹೋಗ್ಲಿ ಬಿಡು, ತಮ್ಮ ಅಲಾ. ಒಂದು ಬ್ಯಾಳಿ ಸಲುವಾಗಿ ಕನ್ನಡ ಸಿನಿಮಾನೂ ಹೋತಲ್ಲ" ಅಂದ.

"ಬ್ಯಾಳಿ ಸುಳ್ಳಿದ್ರ ಕುದಿಸಿ ನೋಡಬಹುದು. ಇದನ್ನ ಹ್ಯಾಂಗ ಕುದಿಸಿ ನೋಡಾದು?" ಅಂದಳು ಅವ್ವ. ಕ್ರಿಕೆಟ್ ಇದ್ದ ದಿನ ಮಾತ್ರ ಅಪ್ಪ ಬೀಡಿ ತರುವ ನೆಪ ಹೇಳಿ ಪಕ್ಕದ ಮನೆಗೆ ಹೋಗುತ್ತಿದ್ದ.

ಅವ್ವ ಮನೆ ಮನೆಗೆ ಹೊರಟಳು. ತಂತಿ ಹಾಕಿಸಿಕೊಳ್ಳಿ ಎಂದು ಹೇಳಲು ಹೋದ ಅದೇ ಮನೆಗಳಿಗೆ, ಈ ಸಲ ಆ ಬೇಳೆ ತನ್ನದಲ್ಲ ಎಂದು ಹೇಳಲು. ನಾನು ಪುಸ್ತಕ ಮುಚ್ಚಿಟ್ಟು ಜೊತೆಗೆ ಹೋದೆ. ನೂರ್‌ಬಿ ಚಹಾಕ್ಕೆ ಕೂರಿಸಿ ಎಲ್ಲ ಕೇಳಿಸಿಕೊಂಡು, "ಆದ್ರ ಟಿವಿದಾಗ ನೀವೇ ಅಂದೀರಲ್ರೀ ಅಕ್ಕಾ. ನಾ ನನ್ನ ಕಣ್ಣಿಲೆ ನೋಡೀನಿ" ಅಂದಳು. ಎದುರಿಗೆ ಕೂತು ಅಲ್ಲ ಅನ್ನುತ್ತಿದ್ದವಳೂ ಅವ್ವನೇ, ಅವಳನ್ನೂ ನೂರ್‌ಬಿ ತನ್ನ ಕಣ್ಣಿನಿಂದಲೇ ನೋಡುತ್ತಿದ್ದಳು. ಅದು ಲೆಕ್ಕಕ್ಕೆ ಬರಲಿಲ್ಲ. ಗುರುಬಸಮ್ಮನ ಮನೆಯಲ್ಲಿ ಹಳದಿ ಚೀಲಗಳು ಆಗಲೇ ಮದುವೆಗೆಂದು ಬಂದು ಕೂತಿದ್ದವು. ಕಾಳು ಎಣ್ಣೆ ಹಚ್ಚಿದಂತೆ ಥಳಥಳ ಹೊಳೆಯುತ್ತಿತ್ತು.

"ಒಂದು ಹಿಡಿ ಕೊಡವ್ವ, ಕುದಿಸಿ ಹೇಳ್ತೀನಿ," ಅವ್ವ ಕೈ ಚಾಚಿದಳು.

"ಹೇಳಾದು ಹೇಳೀರಿ, ಮತ್ತೇನು ಕುದಸಾದು?" ಗುರುಬಸಮ್ಮ ಚೀಲದ ಬಾಯಿ ಬಿಚ್ಚಲಿಲ್ಲ. "ತಮ್ಮನ ಮ್ಯಾಲಿನ ಸಿಟ್ಟು ಬ್ಯಾಳಿ ಮ್ಯಾಲೆ ತೆಗಿಬ್ಯಾಡ್ರಿ."

ಅಕ್ಕ ತಮ್ಮನ ಜಗಳ ಎಂದು ಓಣಿ ತೀರ್ಮಾನ ಮಾಡಿತ್ತು. ಜಗಳಕ್ಕೆ ಜನ ಕಾರಣವನ್ನೂ ಹುಡುಕಿದ್ದರು, ಗಿರಣಿಯವರು ಕೊಟ್ಟದ್ದರಲ್ಲಿ ಅಕ್ಕನಿಗೆ ಪಾಲು ಬಂದಿರಲಿಕ್ಕಿಲ್ಲವಂತೆ. ಇದನ್ನು ಯಾರೋ ಅವ್ವನ ಕಿವಿಗೂ ಹಾಕಿದರು. ಅವ್ವ ಮನೆ ಮನೆಗೆ ಹೋಗುವುದನ್ನು ನಿಲ್ಲಿಸಿದಳು.

ಗುರುಬಸಮ್ಮನ ಮಗಳ ಮದುವೆಯಲ್ಲಿ ಅಕ್ಷತೆ ಬಿದ್ದಾಯಿತು, ಎಲೆ ಹಾಕಿಯಾಯಿತು, ಬೀಗರ ಕಡೆಯವರು ಪಂಕ್ತಿಯಲ್ಲಿ ಕೂತರು. ಬೇಳೆ ಬೇಯಲಿಲ್ಲ. ಹಿಂದಿನ ವರ್ಷದ ಹಸಿ ಹಿಡಿದ ಮಾಲಿಗೆ ಎಣ್ಣೆ ಉಜ್ಜಿ ಹೊಳಪು ಕೊಟ್ಟದ್ದು ಅದು. ಅಡುಗೆಯವರು ಸೋಡಾ ಹಾಕಿದರು, ಕಟ್ಟಿಗೆ ಮೇಲೆ ಕಟ್ಟಿಗೆ ಒಟ್ಟಿದರು. ಕಾಳು ಕಾಳಾಗಿಯೇ ಕುದಿಯುತ್ತಿತ್ತು. ಬರೀ ಎಲೆಯ ಮುಂದೆ ಕೂತ ಬೀಗರು ಮೊದಲು ಕೆಮ್ಮಿದರು, ಆಮೇಲೆ ಮಾತಾಡಿದರು, ಆಮೇಲೆ ವರನ ಚಿಕ್ಕಪ್ಪ ಎಲೆ ಮಡಚಿ ಎದ್ದ. ಗುರುಬಸಮ್ಮ ಅವನ ಕಾಲು ಹಿಡಿದದ್ದನ್ನು ಇಡೀ ಚಪ್ಪರ ನೋಡಿತು. ಬಡಿಸುವವರ ಸಾಲಿನಲ್ಲಿ ಅವ್ವನೂ ನಿಂತಿದ್ದಳು. ಗುರುಬಸಮ್ಮ ಎದ್ದು ಬಂದು ಅವಳ ಎದುರು ನಿಂತಳು.

"ನಿಮ್ಮ ಮಾತು ನಂಬಿ ನನ್ನ ಮಗಳ ಇಜ್ಜತ್ ಹೋತಲ್ರೀ."

ಅವ್ವ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಹೇಳಿದ್ದೆನಲ್ಲ ಅನ್ನಬಹುದಾಗಿತ್ತು, ಅನ್ನಲಿಲ್ಲ. ನನ್ನ ಕೈ ಹಿಡಿದುಕೊಂಡು ಊಟ ಮಾಡದೆ ಮನೆಗೆ ಬಂದಳು. ನನಗೆ ಗುರುಬಸಮ್ಮನ ಮೇಲೆ ಸಿಟ್ಟು ಬಂದಷ್ಟು ಆ ಗಿರಣಿಯ ಮೇಲೂ ಬರಲಿಲ್ಲ. ಇಷ್ಟು ವರ್ಷದ ನಿಜವಾದ ಮಾತನ್ನೆಲ್ಲ ಪಕ್ಕಕ್ಕಿಟ್ಟು ಎರಡು ನಿಮಿಷದ ಚಿತ್ರವನ್ನು ನಂಬಿದವರು ಅವರು, ಬೈಸಿಕೊಂಡವಳು ನನ್ನ ಅವ್ವ.

ಜಾಹೀರಾತು ಆಗಲೂ ನಿಲ್ಲಲಿಲ್ಲ. ಓಣಿಯವರು ಆ ಬೇಳೆ ಕೊಳ್ಳುವುದನ್ನು ಬಿಟ್ಟರು, ಅವ್ವನನ್ನು ಬಿಟ್ಟರು, ಕೇಬಲ್ ಬಿಡಲಿಲ್ಲ. ಬೇರೆ ಬೇರೆ ಓಣಿಗಳಿಗೆ ತಂತಿ ಹೋಗುತ್ತಿತ್ತು, ಅಲ್ಲೆಲ್ಲ ಬೇಳೆ ಮಾರಬೇಕಾಗಿತ್ತು. ಮಳೆಗಾಲದವರೆಗೂ ಅವ್ವ ಪ್ರತಿ ಸಂಜೆ ಎಲ್ಲರ ಮನೆಯಲ್ಲಿ ನಗುತ್ತಿದ್ದಳು, ನಮ್ಮ ಮನೆಯೊಂದನ್ನು ಬಿಟ್ಟು. ಪರೀಕ್ಷೆಗೆ ಓದುವಾಗಲೂ, ಪರೀಕ್ಷೆ ಮುಗಿದು ಸುಮ್ಮನೆ ಕಟ್ಟೆಯ ಮೇಲೆ ಕೂತಾಗಲೂ ಎದುರಿನ ಕಿಟಕಿಯಿಂದ ಅವ್ವನ ದನಿ ಕೇಳಿಸುತ್ತಿತ್ತು. ಒಂದು ಮನೆಯಲ್ಲಿ ಜೋರಾಗಿ, ಇನ್ನೊಂದರಲ್ಲಿ ಸಣ್ಣಗೆ. ಕಿರಾಣಿಗೆ ಹೋಗಿ ಬರುವಾಗ ಅವ್ವ ತನ್ನದೇ ದನಿಯ ನಡುವೆ ತಲೆ ತಗ್ಗಿಸಿ ನಡೆದು ಬರುವುದನ್ನು ನಾನು ನೋಡಿದ್ದೇನೆ. ಮನೆಯೊಳಗೆ ಮಾತ್ರ ಆ ದನಿ ಇರಲಿಲ್ಲ. ನಾನು ಮೊದಲ ದರ್ಜೆಯಲ್ಲಿ ಪಾಸಾದ ದಿನ ನೆತ್ತಿಯ ಮೇಲೆ ಕೈ ಇಟ್ಟಳು, ಚಲೋ ಆತು ಅಂತ ಹೇಳಲಿಲ್ಲ. ಯಾವುದನ್ನೂ ಚಲೋ ಅನ್ನುವುದನ್ನು ಅವಳು ಬಿಟ್ಟಿದ್ದಳು. ಒಂದು ವಿಧದಲ್ಲಿ ನನ್ನ ಪಾಲಿನ ಹೊಗಳಿಕೆಯನ್ನೂ ಅವಳ ತಮ್ಮ ಆ ಚೀಲದಲ್ಲಿ ತುಂಬಿ ಮಾರಿದ್ದ.

ಮರುವರ್ಷ ಬಿಸಿಲು ಗಟ್ಟಿಯಾದಾಗ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದದ್ದು ಒಬ್ಬಳೇ. ಓಣಿಗೆ ಹೊಸದಾಗಿ ಸೊಸೆಯಾಗಿ ಬಂದವಳು, ಬೊಮ್ರಾಸಪೇಟೆಯ ಕಡೆಯ ಹುಡುಗಿ. ಹಿಂದಿನ ವರ್ಷದ ಕತೆ ಅವಳಿಗೆ ಗೊತ್ತಿರಲಿಲ್ಲ. ತವರಿನಲ್ಲಿ ಯಾರೋ ಅವ್ವನ ಹೆಸರು ಹೇಳಿದ್ದರಂತೆ.

"ಅತ್ಯಾರ, ಒಂದಿಷ್ಟು ನೋಡಿ ಹೇಳ್ರಿ. ನಂಗ ತಿಳಿಯಂಗಿಲ್ಲ."

ಅವ್ವ ಆ ಗಂಟಿಗೆ ಕೈ ಚಾಚಲಿಲ್ಲ. ಬೇಡ ಅನ್ನುತ್ತಾಳೇನೋ ಅಂದುಕೊಂಡೆ. ಆದರೆ ಎದ್ದು ಒಲೆ ಹಚ್ಚಿ ನೀರಿಟ್ಟಳು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಬಂದು ನಿಂತೆ. ಒಳಗೊಳಗೇ ಎಷ್ಟು ಖುಷಿಯಾಗಿತ್ತೆಂದರೆ, ಎಲ್ಲ ಮೊದಲಿನಂತಾಯಿತು ಅಂತಲೇ ನಂಬಿಬಿಟ್ಟೆ. ಬೇಳೆ ಕುದಿಯಿತು. ಅವ್ವ ಒಂದೆರಡು ಕಾಳು ತೆಗೆದು ಬೆರಳಿನ ನಡುವೆ ಇಟ್ಟಳು. ಅವು ಹಿಸುಕುವ ಮೊದಲೇ ಕರಗಿ ಬೆರಳಿಗೆ ಅಂಟಿದವು. ಅಂಥ ಬೇಳೆಯನ್ನು ನಾನು ನಮ್ಮ ಮನೆಯಲ್ಲಿಯೂ ಅಪರೂಪಕ್ಕೆ ಕಂಡಿದ್ದೆ. ತಗೋ ಅನ್ನವ್ವಾ, ಒಂದೇ ಒಂದು ಮಾತು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ನಂಗ ಬ್ಯಾಳಿ ಪರೀಕ್ಷೆ ಬರಂಗಿಲ್ಲವ್ವ. ನಿಂಗ ಯಾರೋ ತಪ್ಪು ಹೇಳ್ಯಾರ."

ಹುಡುಗಿ ಪೆಚ್ಚಾಗಿ ಹೋದಳು. ಅವ್ವ ನನ್ನ ಮುಖ ನೋಡದೆ ಒಲೆ ಆರಿಸಿದಳು. ಅವ್ವ ನನ್ನ ಎದುರಿಗೆ ಸುಳ್ಳು ಹೇಳಿದ್ದು ಅದೊಂದೇ ಸಲ.